ಗೆದ್ದಲು ಹಿಡಿದ ಮನೆ

ಬಾಗಿಲುವಾಡದ ಬುಡದಲ್ಲಿ ಬಣ್ಣವು ಅಂಗೈಯಗಲ ಉಬ್ಬಿರುವುದನ್ನು ಕಂಡು, ಮಳೆಗಾಲದ ತೇವದಿಂದ ಹಾಗಾಗಿರಬೇಕೆಂದು ಸಮಾಧಾನ ತಂದುಕೊಂಡು, ಹೋಗುತ್ತ ಬರುತ್ತ ಹೆಬ್ಬೆರಳಿನಿಂದ ಅದನ್ನೊಮ್ಮೆ ಒತ್ತಿ ನೋಡಿದ ಗೃಹಸ್ಥನ ಬೆರಳು ಯಾವ ತಡೆಯೂ ಇಲ್ಲದೆ ಒಳಕ್ಕೆ ಇಳಿದುಹೋದರೆ, ಆ ಕ್ಷಣದಲ್ಲಿ ಅವನಿಗೆ ಉಂಟಾಗುವ ದಿಗಿಲಿಗೆ ಎರಡು ಮುಖಗಳಿರುತ್ತವೆ. ಮರ ಹೋಯಿತಲ್ಲ ಎಂಬುದು ಒಂದು. ಇದು ಎಷ್ಟು ಕಾಲದಿಂದ ನಡೆದಿತ್ತೋ, ಇನ್ನೂ ಎಲ್ಲೆಲ್ಲಿ ನಡೆದಿದೆಯೋ ಎಂಬುದು ಇನ್ನೊಂದು. ಎರಡನೆಯದೇ ಹೆಚ್ಚು ನ್ಯಾಯವಾದ ದಿಗಿಲು. ಬಣ್ಣದ ಪೊರೆಯನ್ನೂ ಮೇಲ್ಮೈಯ ತೆಳುಪದರವನ್ನೂ ಹಾಗೆಯೇ ಉಳಿಸಿ ಒಳಗಿನ ಸಾರವನ್ನೆಲ್ಲ ತೆಗೆದುಕೊಂಡು ಹೋಗುವುದು ಗೆದ್ದಲಿನ ಸ್ವಭಾವವಾದಕಾರಣ, ಅದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗೆ ಆಗತಕ್ಕದ್ದು ಬಹುಮಟ್ಟಿಗೆ ಆಗಿಹೋಗಿರುತ್ತದೆ. ಆಗ ಗೃಹಸ್ಥನು ಮಾಡುವ ಮೊದಲ ಕೆಲಸವೆಂದರೆ ಬೀದಿಯ ಅಂಗಡಿಗೆ ಓಡಿ, ಜಿರಲೆಗೂ ಸೊಳ್ಳೆಗೂ ಸಮನಾಗಿ ಸಲ್ಲುವ ಒಂದು ಸ್ಪ್ರೇ ಡಬ್ಬಿಯನ್ನು ತಂದು ಕಂಡಷ್ಟು ಹುಳುಗಳ ಮೇಲೆ ಪ್ರಯೋಗಿಸುವುದು. ಎರಡನೆಯದು, ಬಡಗಿಯನ್ನು ಕರೆಸಿ ಹಳ್ಳಕ್ಕೆ ಪುಟ್ಟಿ ತುಂಬಿಸಿ ಬಣ್ಣ ಬಳಿಸುವುದು. ಮರುವರ್ಷ ಅದೇ ಮನೆಯ ಇನ್ನೊಂದು ಕೋಣೆಯ ಬೀರುವಿನ ಹಿಂಬದಿಯಲ್ಲಿ ಮಣ್ಣು ಕಾಣಿಸಿಕೊಂಡಾಗ, ಇದೇನೋ ಹೊಸ ಉಪದ್ರವವೆಂದು ಅವನು ಬಗೆಯುತ್ತಾನೆ. ವಾಸ್ತವವಾಗಿ ಹಳೆಯದೇ ಬೇರೆ ದಾರಿ ಹಿಡಿದು ಬಂದಿರುತ್ತದೆ. ಮರದಲ್ಲಿ ಕಾಣುವುದು ಆಹಾರಕ್ಕಾಗಿ ಹೊರಟು ಬಂದ ದುಡಿಮೆಗಾರರ ಒಂದು ತಂಡ ಮಾತ್ರ. ಅವರ ಊರು, ಉಗ್ರಾಣ, ಸಂತಾನ ಎಲ್ಲವೂ ಇರುವುದು ನೆಲದೊಳಗೆ. ಗೆದ್ದಲಿನ ಪ್ರಶ್ನೆಯನ್ನು ಮರದ ಪ್ರಶ್ನೆಯೆಂದು ತಿಳಿದು ಹೊರಟವರು ಸೋಲುವುದೇ ವಾಡಿಕೆ. ಅದು ಮಣ್ಣಿನ ಮತ್ತು ನೀರಿನ ಪ್ರಶ್ನೆಯೆಂದು ತಿಳಿದವರಿಗೆ ಗೆಲ್ಲುವ ಸಂಭವವುಂಟು.

ಈ ಪ್ರಾಣಿಯನ್ನು ಬಿಳಿ ಇರುವೆಯೆಂದು ಕರೆಯುವ ರೂಢಿಯೊಂದು ಇದ್ದರೂ ಇರುವೆಗೂ ಇದಕ್ಕೂ ಸಂಬಂಧವಿಲ್ಲ. ಇರುವೆಯು ಕಣಜ, ಜೇನುಗಳ ವಂಶಕ್ಕೆ ಸೇರಿದುದು. ಗೆದ್ದಲು ಜಿರಲೆಯ ವಂಶಕ್ಕೆ ಸೇರಿದುದೆಂದು ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2007ರಲ್ಲಿ ಸಾಧಿಸಿ ತೋರಿಸಿದ ಮೇಲೆ, ಅದುವರೆಗೆ ಅದಕ್ಕಾಗಿಯೇ ಪ್ರತ್ಯೇಕವಾಗಿ ಮೀಸಲಿದ್ದ ಗಣವನ್ನು ಬಹುಪಾಲು ಪ್ರಾಣಿಶಾಸ್ತ್ರಜ್ಞರು ಕೈಬಿಟ್ಟರು. ಅಡುಗೆಮನೆಯ ಜಿರಲೆ ಮತ್ತು ಬಾಗಿಲುವಾಡದ ಗೆದ್ದಲು ದಾಯಾದಿಗಳೆಂದಾಯಿತು. ಇಬ್ಬರಿಗೂ ಕತ್ತಲೆ ಪ್ರಿಯ, ಇಬ್ಬರಿಗೂ ತೇವ ಪ್ರಿಯ. ಆದರೆ ಜಿರಲೆಗೆ ಇರುವ ಗಡುಸಾದ ಹೊರಕವಚವು ಗೆದ್ದಲಿಗೆ ಇಲ್ಲ. ದುಡಿಮೆಯ ಗೆದ್ದಲಿನ ಮೈ ಮೃದು, ಬಣ್ಣ ಮಾಸಲು ಬಿಳುಪು, ಸಾಮಾನ್ಯವಾಗಿ ಕಣ್ಣಿಲ್ಲ. ಬಿಸಿಲಿಗೂ ಒಣಗಾಳಿಗೂ ಸಿಕ್ಕಿದರೆ ಅಲ್ಪಕಾಲದಲ್ಲಿಯೇ ಒಣಗಿ ಸಾಯುತ್ತದೆ. ನಾವು ಗೋಡೆಯ ಮೇಲೆ ಕಾಣುವ, ಬೆರಳಿನಷ್ಟು ಅಗಲಕ್ಕೆ ಹಬ್ಬಿದ ಮಣ್ಣಿನ ಕೊಳವೆಯ ಅರ್ಥ ಇದೇ. ಮಣ್ಣಿನ ಕಣಗಳನ್ನೂ ಜೊಲ್ಲನ್ನೂ ಮಲವನ್ನೂ ಬೆರೆಸಿ ಕಟ್ಟಿದ ಆ ಮುಚ್ಚಿದ ಹಾದಿಯಲ್ಲಿ ನೆಲದೊಳಗಿನ ತೇವವೂ ಕತ್ತಲೆಯೂ ಮರದವರೆಗೆ ತಾವಾಗಿಯೇ ನಡೆದುಬರುತ್ತವೆ. ಗೆದ್ದಲು ಮನೆಯೊಳಕ್ಕೆ ಬರುವಾಗ ತನ್ನ ನೆಲವನ್ನು ಜೊತೆಯಲ್ಲಿಯೇ ಕಟ್ಟಿಕೊಂಡು ಬರುತ್ತದೆಯೆಂದರೆ ತಪ್ಪಾಗದು. ಆ ಹಾದಿ ತುಂಡಾದರೆ, ಮತ್ತು ಅದನ್ನು ಮತ್ತೆ ಕಟ್ಟಲು ಬೇಕಾದ ತೇವ ದೊರೆಯದಿದ್ದರೆ, ಮೇಲಿನ ತಂಡ ಬಹಳ ಕಾಲ ಬಾಳಲಾರದು.

ಗೆದ್ದಲಿನ ಸಮಾಜದಲ್ಲಿ ದುಡಿಯುವವರು, ಕಾಯುವವರು, ಸಂತಾನವನ್ನು ಬೆಳೆಸುವ ರಾಜ ರಾಣಿಯರು ಎಂಬ ವಿಭಾಗಗಳಿರುವುದು ಎಲ್ಲರಿಗೂ ತಿಳಿದ ಸಂಗತಿ. ಕನ್ನಡ ನಾಡಿನ ಬಯಲುಸೀಮೆಯಲ್ಲಿ ಹೊಲದ ಬದುಗಳ ಮೇಲೆ ಆಳೆತ್ತರದ ಏಣೇಣಾದ ಹುತ್ತಗಳನ್ನು ಕಟ್ಟುವ ಒಡಾಂಟೊಟರ್ಮಿಸ್ ಒಬೀಸಸ್ ಎಂಬ ಜಾತಿಯ ರಾಣಿಯಾದರೋ, ಹೊಟ್ಟೆಯು ಬೆರಳಿನಷ್ಟು ಊದಿ, ನಡೆಯಲಾರದೆ, ಗಟ್ಟಿಮಣ್ಣಿನ ಕೋಣೆಯೊಂದರಲ್ಲಿ ಬಿದ್ದುಕೊಂಡು, ದಿನವೊಂದಕ್ಕೆ ಸಾವಿರಾರು ಮೊಟ್ಟೆಗಳನ್ನಿಡುತ್ತ ಅನೇಕ ವರ್ಷ ಬಾಳುತ್ತಾಳೆ. ಇದಕ್ಕಿಂತಲೂ ಕುತೂಹಲಕರವಾದುದು ಈ ಜಾತಿಯ ಆಹಾರಕ್ರಮ. ಕಟ್ಟಿಗೆಯಲ್ಲಿರುವ ಸೆಲ್ಯುಲೋಸನ್ನು ಜೀರ್ಣಿಸಿಕೊಳ್ಳುವುದು ಸುಲಭವಲ್ಲ. ಗೆದ್ದಲುಗಳಲ್ಲಿ ಕೆಲವು ವಂಶಗಳು ತಮ್ಮ ಕರುಳಿನಲ್ಲಿ ಸಾಕಿಕೊಂಡ ಏಕಕೋಶಜೀವಿಗಳ ನೆರವಿನಿಂದ ಅದನ್ನು ಸಾಧಿಸುತ್ತವೆ; ಒಡಾಂಟೊಟರ್ಮಿಸ್ ವಂಶದವು ಬೇಸಾಯದಿಂದ ಸಾಧಿಸುತ್ತವೆ. ಅರೆಬರೆ ಜೀರ್ಣವಾದ ಮರದ ಪುಡಿಯಿಂದ ಜೇನುಹುಟ್ಟಿನ ರೂಪದ ಮೆತ್ತನೆಯ ಹಾಸನ್ನು ಮಾಡಿ, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆದು, ಆ ಬೆಳೆಯನ್ನೂ ಅದು ಹದಗೊಳಿಸಿದ ಹಾಸನ್ನೂ ತಿಂದು ಬದುಕುತ್ತವೆ. ಮನುಷ್ಯನ ಕೃಷಿಗೆ ಹತ್ತು ಹನ್ನೆರಡು ಸಾವಿರ ವರ್ಷಗಳಾದರೆ, ಇವುಗಳ ಕೃಷಿಗೆ ಸುಮಾರು ಮೂರು ಕೋಟಿ ವರ್ಷಗಳಾಗಿವೆಯೆಂದು ಬಲ್ಲವರು ಗಣಿಸಿದ್ದಾರೆ. ಮಳೆ ಬಿದ್ದ ಮೇಲೆ ಹುತ್ತದ ಸುತ್ತಮುತ್ತ ಮೇಲೇಳುವ, ಮಲೆನಾಡಿನವರು ನಸುಕಿನಲ್ಲೆದ್ದು ಹುಡುಕಿ ತಂದು ಪಲ್ಯ ಮಾಡುವ ಅಣಬೆಯು ಈ ಪಾತಾಳದ ಹೊಲದ ಹೂವೇ ಆಗಿದೆ. ನಮ್ಮ ಬಾಗಿಲುವಾಡವು ಅವುಗಳಿಗೆ ಊಟವಲ್ಲ, ಹೊಲಕ್ಕೆ ಹಾಕುವ ಗೊಬ್ಬರ. ಈ ಮಾತಿನಲ್ಲಿ ಮನೆಯೊಡೆಯನಿಗೆ ಸಮಾಧಾನವೇನೂ ಇರಲಾರದು.

ಹುತ್ತದ ವಾಸ್ತುಶಿಲ್ಪವನ್ನು ಕುರಿತು ಒಂದು ಮಾತನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಆವರಣದಲ್ಲಿ ಬೆಳೆದಿದ್ದ ಹುತ್ತಗಳನ್ನು ಅಳೆದು ನೋಡಿದ ವಿಜ್ಞಾನಿಗಳ ತಂಡವೊಂದು 2015ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹುತ್ತದ ಹೊರಮೈಯ ಏಣುಗಳು ಹಗಲಿನಲ್ಲಿ ನಡುಭಾಗಕ್ಕಿಂತ ಬೇಗನೆ ಕಾಯುವುದರಿಂದ ಒಳಗಿನ ಗಾಳಿಯು ಏಣುಗಳಲ್ಲಿ ಮೇಲೇರಿ ನಡುವೆ ಕೆಳಗಿಳಿಯುತ್ತದೆ. ರಾತ್ರಿಯಲ್ಲಿ ಏಣುಗಳು ಬೇಗನೆ ತಣ್ಣಗಾಗುವುದರಿಂದ ಅದೇ ಗಾಳಿಯು ವಿಲೋಮವಾಗಿ ತಿರುಗುತ್ತದೆ. ಹೀಗೆ ಹಗಲಿರುಳುಗಳ ತಾಪಭೇದವನ್ನೇ ಉಸಿರಾಟಕ್ಕೆ ಬಳಸಿಕೊಂಡು ಲಕ್ಷಾಂತರ ಜೀವಿಗಳ ಒಂದು ಪಟ್ಟಣವು, ಗವಾಕ್ಷವೊಂದೂ ಇಲ್ಲದೆ, ಒಳಗಿನ ಕೆಟ್ಟ ಗಾಳಿಯನ್ನು ಹೊರಹಾಕುತ್ತದೆ. ಅದೇ ನಗರದ ಭಾರತೀಯ ವಿಜ್ಞಾನ ಸಂಸ್ಥೆಯವರು ಹುತ್ತದ ಮಣ್ಣಿನ ಗಟ್ಟಿತನವನ್ನು ಪರೀಕ್ಷಿಸಿ, ಗೆದ್ದಲಿನ ಬಾಯಿಂದ ಹಾದುಬಂದ ಮಣ್ಣು ಅದೇ ಜಾಗದ ಸಾದಾ ಮಣ್ಣಿಗಿಂತ ಅನೇಕಪಾಲು ದೃಢವಾಗಿರುತ್ತದೆಂದು ಕಂಡರು. ಇವೆಲ್ಲಕ್ಕೂ ಬಹಳ ಹಿಂದೆಯೇ, ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯ ದಕಾರ್ಗಲ ಪ್ರಕರಣದಲ್ಲಿ, ಇಂಥಿಂಥ ಮರದ ಇಂಥ ದಿಕ್ಕಿನಲ್ಲಿ ಹುತ್ತವಿದ್ದರೆ ಇಷ್ಟು ಆಳದಲ್ಲಿ ನೀರು ದೊರೆಯುವುದೆಂದು ಲಕ್ಷಣಗಳನ್ನು ಎಣಿಸಿಟ್ಟಿದ್ದಾನೆ. ಅವನು ಹೇಳಿದ ಆಳಗಳೆಲ್ಲ ಸರಿಯೋ ತಪ್ಪೋ, ಗೆದ್ದಲಿರುವಲ್ಲಿ ತೇವವಿರುತ್ತದೆ ಎಂಬ ಮೂಲತತ್ತ್ವ ಮಾತ್ರ ಸುಳ್ಳಲ್ಲ. ಮನೆಯಲ್ಲಿ ಗೆದ್ದಲನ್ನು ಹುಡುಕುವವನೂ ಆ ತತ್ತ್ವವನ್ನೇ ತಿರುಗುಮುರುಗು ಮಾಡಿ ಬಳಸತಕ್ಕದ್ದು.

ನಮ್ಮ ಹಿರಿಯರ ಮನೆಗಳು ಈ ತತ್ತ್ವವನ್ನು ಶಾಸ್ತ್ರವಾಗಿ ಅರಿತಿದ್ದುವೋ ಇಲ್ಲವೋ, ಆಚರಣೆಯಲ್ಲಂತೂ ಬಲ್ಲವಾಗಿದ್ದುವು. ತೊಟ್ಟಿಮನೆಯ ಕಂಬವು ಎಂದೂ ನೆಲಕ್ಕೆ ತಾಕುತ್ತಿರಲಿಲ್ಲ. ಕೆತ್ತಿದ ಕಲ್ಲಿನ ಪೀಠವೊಂದರ ಮೇಲೆ ಅದು ನಿಲ್ಲುತ್ತಿತ್ತು. ಮನೆಯ ಜಗಲಿ ಅಂಗಳಕ್ಕಿಂತ ಮೂರು ನಾಲ್ಕು ಮೆಟ್ಟಿಲು ಎತ್ತರ. ತಳಪಾಯ ಗ್ರಾನೈಟಿನದು, ಕರಾವಳಿಯಲ್ಲಾದರೆ ಜಂಬಿಟ್ಟಿಗೆಯದು. ಗೆದ್ದಲು ಕಲ್ಲಿನ ಮೇಲೆ ಹತ್ತಲಾರದೆಂದಲ್ಲ, ಧಾರಾಳವಾಗಿ ಹತ್ತುತ್ತದೆ. ಆದರೆ ಕಲ್ಲಿನ ಮೇಲೆ ಹತ್ತಬೇಕಾದರೆ ಮಣ್ಣಿನ ಕೊಳವೆಯನ್ನು ಬಯಲಿನಲ್ಲಿ ಕಟ್ಟಬೇಕಾಗುತ್ತದೆ, ದಿನವೂ ಕಸ ಗುಡಿಸುವ ಹೆಣ್ಣುಮಗಳ ಪೊರಕೆಗೆ ಅದು ಮೊದಲ ದಿನವೇ ಸಿಕ್ಕಿಬೀಳುತ್ತದೆ. ಪೀಠದ ಕಲ್ಲು ಶತ್ರುವನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಅವನನ್ನು ಬೆಳಕಿಗೆ ತರುತ್ತಿತ್ತು. ಮಲೆನಾಡಿನ ಮನೆಗಳಲ್ಲಿ ಒಲೆಯ ಹೊಗೆ ಅಟ್ಟಕ್ಕೂ ಮುಚ್ಚಿಗೆಗೂ ನಿತ್ಯವೂ ಅಡರಿ, ಮರವನ್ನು ಒಣಗಿಸಿ ಕರಿಬಳಿದು ಕಾಯುತ್ತಿತ್ತು. ಕರಾವಳಿಯವರು ಪಕಾಸಿ ರೀಪುಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುತ್ತಿದ್ದರು. ಮರದ ಆಯ್ಕೆಯೂ ವಿವೇಕದಿಂದ ಕೂಡಿರುತ್ತಿತ್ತು. ತೇಗ, ಬೀಟೆ, ಹೊನ್ನೆಗಳ ಚೇಗಿನಲ್ಲಿ ಗೆದ್ದಲಿಗೆ ಒಗ್ಗದ ರಾಸಾಯನಿಕಗಳಿರುವುದು ಈಗ ಪ್ರಯೋಗಾಲಯಗಳಲ್ಲಿ ಸಿದ್ಧಪಟ್ಟಿದೆ. ಬಡಗಿಗಳಿಗೆ ಅದು ಪರಂಪರೆಯಿಂದ ತಿಳಿದಿತ್ತು. ಇಲ್ಲಿ ಒಂದು ಎಚ್ಚರಿಕೆಯ ಮಾತು: ಈ ಗುಣವಿರುವುದು ಚೇಗಿನಲ್ಲಿ ಮಾತ್ರ. ತೊಗಟೆಗೆ ಹತ್ತಿದ ಬಿಳಿಯ ಎಳೆಮರದಲ್ಲಿ ತೇಗಕ್ಕೂ ಮಾವಿಗೂ ಹೆಚ್ಚಿನ ಭೇದವಿಲ್ಲ. ಇಂದು ನೆಡುತೋಪುಗಳಿಂದ ಎಳೆಯದರಲ್ಲಿಯೇ ಕಡಿದು ತಂದ ತೇಗದ ದಿಮ್ಮಿಯಲ್ಲಿ ಅರ್ಧಕ್ಕರ್ಧ ಬಿಳಿಮರವೇ ಇದ್ದು, ಪೇಟೆಯವನು ತೇಗದ ಬೆಲೆಯನ್ನು ಪೂರ್ಣವಾಗಿ ವಸೂಲು ಮಾಡಿಕೊಂಡರೂ ಗೆದ್ದಲು ಅದಕ್ಕೆ ತೇಗದ ಮರ್ಯಾದೆಯನ್ನು ತೋರುವುದಿಲ್ಲ.

ನಾವು ಈಗ ಕಟ್ಟಿಕೊಳ್ಳುತ್ತಿರುವ ಮನೆಗಳಲ್ಲಿ ಈ ಕ್ರಮವೆಲ್ಲ ತಲೆಕೆಳಗಾಗಿದೆ. ಬೆಂಗಳೂರು, ಮೈಸೂರುಗಳ ಹೊಸ ಬಡಾವಣೆಗಳು ಎದ್ದಿರುವುದು ನಿನ್ನೆ ಮೊನ್ನೆಯವರೆಗೆ ತೋಟವೋ ತೋಪೋ ಕೆರೆಯ ಅಂಗಳವೋ ಆಗಿದ್ದ ಭೂಮಿಯಲ್ಲಿ. ಕಡಿದ ಮರಗಳ ಬೇರುಗಳು ನೆಲದಲ್ಲಿಯೇ ಉಳಿದಿರುತ್ತವೆ, ಅವುಗಳನ್ನು ತಿನ್ನುತ್ತಿದ್ದ ಗೆದ್ದಲಿನ ಗೂಡುಗಳೂ ಉಳಿದಿರುತ್ತವೆ. ಅದರ ಮೇಲೆ ಸೆಂಟ್ರಿಂಗ್ ಹಲಗೆಯ ತುಂಡುಗಳು, ಸಿಮೆಂಟಿನ ಕಾಗದದ ಚೀಲಗಳು, ಗೂಟಗಳು ಇವನ್ನೆಲ್ಲ ತಳಪಾಯದ ಗುಂಡಿಗೇ ತಳ್ಳಿ ಮಣ್ಣು ಮುಚ್ಚುವ ಮೇಸ್ತ್ರಿಯು ಗೆದ್ದಲಿಗೆ ಗೃಹಪ್ರವೇಶದ ಊಟವನ್ನು ಮುಂಗಡವಾಗಿ ಬಡಿಸಿಟ್ಟಂತೆ. ಆಮೇಲೆ ನೆಲಕ್ಕೆ ಹಾಸುಕಲ್ಲು, ಗೋಡೆಗೆ ಉದ್ದಕ್ಕೂ ಅಂಟಿಸಿದ ಪ್ಲೈವುಡ್ಡಿನ ಬೀರು, ಅಡುಗೆಮನೆಯಲ್ಲಿ ಸಿಂಕಿನ ಕೆಳಗೆ ಮರದ ಹೊಟ್ಟನ್ನು ಒತ್ತಿ ಮಾಡಿದ ಹಲಗೆಯ ಕಪಾಟು. ಬಚ್ಚಲಿನ ಗೋಡೆಯ ಆಚೆಬದಿಗೆ ಬಟ್ಟೆಯ ಬೀರು ಕೂರದ ಮನೆ ಈಗ ಅಪೂರ್ವ. ನಲ್ಲಿಯ ಕೀಲಿನಿಂದ ಗೋಡೆಯೊಳಗೆ ಹನಿಯುವ ನೀರು, ಎಂದೂ ಬೆಳಕು ಕಾಣದ ಬೆನ್ನುಹಲಗೆ, ಎಂದೂ ಸರಿಸಲಾಗದ ಗೋಡೆಗಪಾಟು: ಗೆದ್ದಲು ಬೇಡಿಕೊಂಡರೂ ಇದಕ್ಕಿಂತ ಉತ್ತಮವಾದ ಏರ್ಪಾಡು ದೊರೆಯಲಾರದು. ಕಾಂಕ್ರೀಟನ್ನು ಅದು ತಿನ್ನಲಾರದು, ನಿಜ. ಆದರೆ ಮಿಲಿಮೀಟರಿನಷ್ಟು ಬಿರುಕು ದೊರೆತರೆ ಸಾಕು, ವಿದ್ಯುತ್ ತಂತಿಯ ಕೊಳವೆಯೂ ನೀರಿನ ಪೈಪು ಹಾದ ರಂಧ್ರವೂ ರಾಜಮಾರ್ಗಗಳೇ. ಮೂರನೆಯ ಅಂತಸ್ತಿನಲ್ಲಿರುವವರು ತಮಗೆ ಈ ಭಯವಿಲ್ಲವೆಂದು ತಿಳಿಯುವುದು ಅವಿವೇಕ.

ಮರಕ್ಕಿಂತಲೂ ಗೆದ್ದಲಿನಿಂದ ನಾವು ಹೆಚ್ಚಾಗಿ ಕಳೆದುಕೊಂಡದ್ದು ಓಲೆಯನ್ನೂ ಕಾಗದವನ್ನೂ ಎಂದರೆ ಅತಿಶಯೋಕ್ತಿಯಲ್ಲ. ತಾಳೆಗರಿಯ ಗ್ರಂಥವನ್ನು ಬರೆದು ಮುಗಿಸಿದ ಲಿಪಿಕಾರರು ಕೊನೆಯಲ್ಲಿ, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಮೂರ್ಖನ ಕೈಯಿಂದಲೂ ತನ್ನನ್ನು ಕಾಪಾಡಬೇಕೆಂದು ಪುಸ್ತಕವೇ ಬೇಡಿಕೊಳ್ಳುವಂತೆ ಶ್ಲೋಕವೊಂದನ್ನು ಸೇರಿಸುವ ಪದ್ಧತಿಯಿತ್ತು. ಆ ಪಟ್ಟಿಯಲ್ಲಿ ಗೆದ್ದಲನ್ನು ಹೆಸರಿಸದೆ ಬಿಟ್ಟದ್ದು ಏಕೋ. ಮೊದಲ ಮೂವರನ್ನೂ ದೂರವಿಟ್ಟು ಗ್ರಂಥವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟ ಮಹನೀಯರ ಮನೆಗಳಲ್ಲಿಯೇ ಅದು ನಿರಾತಂಕವಾಗಿ ಪಾರಾಯಣ ಮಾಡಿತು. 1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಯು ಊರೂರುಗಳಿಂದ ಓಲೆಗರಿಗಳನ್ನು ಸಂಗ್ರಹಿಸಿದ್ದರಿಂದಲೇ ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿಯೊಂದು ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು 1909ರಲ್ಲಿ ಅಚ್ಚಾಗಿ ಲೋಕವಿಖ್ಯಾತವಾಯಿತು. ಅಂಥ ಭಾಗ್ಯ ಕಾಣದೆ ಅಟ್ಟದಲ್ಲಿಯೇ ಮಣ್ಣಾದ ಕಟ್ಟುಗಳಲ್ಲಿ ಏನೇನಿತ್ತೆಂದು ಊಹಿಸಿ ಫಲವಿಲ್ಲ. ಓಲೆಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆಯನ್ನು ಸವರುವುದು, ಕಟ್ಟಿನ ನಡುವೆ ಬಜೆಯ ಬೇರನ್ನಿಡುವುದು ಹಳಬರ ಉಪಾಯಗಳು. ಇವು ಸಣ್ಣ ಹುಳುಗಳನ್ನು ದೂರವಿಡಬಹುದು. ನೆಲದಿಂದ ಹಾದಿ ಮಾಡಿಕೊಂಡು ಬಂದ ಗೆದ್ದಲಿನ ದಂಡಿಗೆ ಬಜೆಯ ವಾಸನೆ ಸಾಲದು. ಪುಸ್ತಕದ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ, ಕಾಲುಗಳ ಮೇಲೆ ನಿಲ್ಲಿಸಿ, ವರ್ಷಕ್ಕೆರಡು ಸಲ ಪುಸ್ತಕಗಳನ್ನು ತೆಗೆದು ಒರೆಸಿಡುವುದೇ ಅವಕ್ಕೆ ಉತ್ತಮವಾದ ರಕ್ಷೆ. ಮತ್ತು ಆ ನೆವದಿಂದಲಾದರೂ ಕೆಲವು ಪುಸ್ತಕಗಳನ್ನು ತೆರೆದಂತಾಗುತ್ತದೆ.

ಇನ್ನು ರೋಗನಿದಾನ. ಭರಣಿ, ಕೃತ್ತಿಕೆಯ ಮೊದಲ ಮಳೆಗಳು ಬಿದ್ದ ಸಂಜೆ ದೀಪದ ಸುತ್ತ ಮುತ್ತುವ ಈಸಲು ಹುಳುಗಳು ಗೆದ್ದಲಿನ ರೆಕ್ಕೆ ಬಂದ ರಾಜಕುಮಾರ ರಾಜಕುಮಾರಿಯರೇ. ಹಳ್ಳಿಗಳಲ್ಲಿ ಇವನ್ನು ಹಿಡಿದು ಹುರಿದು ತಿನ್ನುವ ರೂಢಿಯುಂಟು; ಹಲ್ಲಿ, ಕಪ್ಪೆ, ಕಾಗೆಗಳಿಗೂ ಅಂದು ಹಬ್ಬ. ಹೊರಗಿನಿಂದ ದೀಪಕ್ಕೆ ಹಾರಿಬಂದರೆ ಗಾಬರಿಯಾಗಬೇಕಾದುದಿಲ್ಲ. ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡಿದ್ದರೂ ಕೋಣೆಯೊಳಗೇ ರೆಕ್ಕೆಗಳ ರಾಶಿ ಬಿದ್ದಿದ್ದರೆ, ಅಥವಾ ಗೋಡೆಯ ಬಿರುಕಿನಿಂದಲೇ ಅವು ಹೊರಡುವುದು ಕಂಡರೆ, ಗೂಡು ಮನೆಯ ಕೆಳಗೇ ಇದೆಯೆಂದು ತಿಳಿಯತಕ್ಕದ್ದು. ಮರವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಹೋದರೆ ಟೊಳ್ಳಾದ ಕಡೆ ಸದ್ದು ಬದಲಾಗುತ್ತದೆ. ನಿಶ್ಶಬ್ದವಾದ ರಾತ್ರಿಯಲ್ಲಿ ಹಾಗೆ ತಟ್ಟಿ ಕಿವಿಯಿಟ್ಟು ಕೇಳಿದರೆ, ಒಳಗಿನ ಕಾವಲಿನವರು ಅಪಾಯದ ಸೂಚನೆಯಾಗಿ ಮರಕ್ಕೆ ತಲೆ ಬಡಿಯುವ ಚಿಟಪಿಟ ಸದ್ದೂ ಕೆಲವೊಮ್ಮೆ ಕೇಳಿಸುವುದು. ಮರದಿಂದ ಮೈದಾದಂಥ ನುಣ್ಣನೆಯ ಹುಡಿ ಉದುರುತ್ತಿದ್ದರೆ ಅದು ಗೆದ್ದಲಲ್ಲ, ಕುಟ್ಟೆ. ಗಸಗಸೆಯಂತೆ ಗುಂಡಗಿದ್ದು, ಹತ್ತಿರದಿಂದ ನೋಡಿದರೆ ಆರು ಪಕ್ಕಗಳುಳ್ಳ ಕಾಳುಗಳ ಪುಟ್ಟ ಗುಡ್ಡೆ ಕಂಡರೆ ಅದು ಒಣಮರದ ಗೆದ್ದಲು. ಇದಕ್ಕೆ ನೆಲದ ಸಂಪರ್ಕವೇ ಬೇಕಿಲ್ಲ, ಕೊಂಡುತಂದ ಕುರ್ಚಿಯೊಳಗೇ ಕುಳಿತು ಬರುತ್ತದೆ. ಅದರ ಚಿಕಿತ್ಸೆಯೂ ಆ ಕುರ್ಚಿಗೆ ಮಾತ್ರ ಸೀಮಿತವಾದುದು. ಮಿಕ್ಕಂತೆ ಮಣ್ಣು ಕಂಡಲ್ಲೆಲ್ಲ ನೆಲದ ಗೆದ್ದಲೇ. ಕೊಳವೆಯನ್ನು ಕಂಡ ಕೂಡಲೆ ಪೂರ್ತಿ ಕೆರೆದು ತೆಗೆದುಬಿಡುವುದು ಸಹಜವಾದ ಆತುರ, ಆದರೆ ಅದು ಸಲ್ಲದು. ಬೆರಳಗಲ ಮಾತ್ರ ಒಡೆದು ನಾಲ್ಕಾರು ದಿನ ಬಿಟ್ಟು ನೋಡಿದರೆ, ರಿಪೇರಿಯಾಗಿದ್ದಲ್ಲಿ ಹಾದಿ ಜೀವಂತವಿದೆಯೆಂದು ತಿಳಿದುಬರುತ್ತದೆ, ಅದು ಎಲ್ಲಿಂದ ಹೊರಟಿದೆಯೆಂಬುದಕ್ಕೂ ಅದೇ ದಾರಿತೋರುಕ.

ಚಿಕಿತ್ಸೆಯಲ್ಲಿ ಮೊದಲನೆಯದು ಔಷಧವಲ್ಲ, ಕೊಳಾಯಿ ರಿಪೇರಿಯವನು. ಸೋರುವ ಪೈಪು, ಬಚ್ಚಲಿನ ಹೆಂಚಿನ ಸಂದಿ, ಗೋಡೆಯ ಬುಡಕ್ಕೆ ನೀರುಣಿಸುವ ಹೂವಿನ ಪಾತಿ, ಮಳೆನೀರು ನಿಲ್ಲುವ ಹಿತ್ತಿಲು, ಗೋಡೆಗೆ ಒರಗಿಸಿಟ್ಟ ಸೌದೆ ಮತ್ತು ಹಳೆಯ ರಟ್ಟಿನ ಡಬ್ಬಿಗಳು ಇವೆಲ್ಲ ಸರಿಯಾಗದೆ ಎಷ್ಟು ವಿಷವನ್ನು ಸುರಿದರೂ ಅದು ತಾತ್ಕಾಲಿಕ. ಆಮೇಲೆ ಕೀಟನಿಯಂತ್ರಣದವರ ಸರದಿ. ಇದಕ್ಕೆ ಭಾರತೀಯ ಮಾನಕವೊಂದುಂಟು, ಐಎಸ್ 6313 ಎಂದು. ಅದರ ಮೊದಲ ಭಾಗ ಕಟ್ಟಡದ ರಚನೆಯನ್ನೂ, ಎರಡನೆಯದು ಕಟ್ಟುವ ಮೊದಲು ಮಣ್ಣಿಗೆ ಔಷಧವನ್ನು ಉಣಿಸುವುದನ್ನೂ, ಮೂರನೆಯದು ಕಟ್ಟಿ ಮುಗಿದ ಮನೆಯ ಚಿಕಿತ್ಸೆಯನ್ನೂ ವಿವರಿಸುತ್ತದೆ. ಮನೆ ಕಟ್ಟುತ್ತಿರುವವರು ಎರಡನೆಯ ಭಾಗವನ್ನು ಅಲಕ್ಷಿಸಬಾರದು: ತಳಪಾಯದ ಗೋಡೆಗೆ ತಾಗಿದ ಮಣ್ಣಿಗೆ ಗೋಡೆಯ ಪ್ರತಿ ಚದರ ಮೀಟರಿಗೆ 7.5 ಲೀಟರ್, ನೆಲಗಟ್ಟಿನ ಕೆಳಗಿನ ಮಣ್ಣಿಗೆ ಪ್ರತಿ ಚದರ ಮೀಟರಿಗೆ 5 ಲೀಟರ್ ದ್ರಾವಣ ಬೇಕೆಂದು ಅದರಲ್ಲಿದೆ. ಒಂದು ಕ್ಯಾನು ತಂದು ಮೇಲೆ ಮೇಲೆ ಚಿಮುಕಿಸಿ ಹೋಗುವವನಿಗೆ ಈ ಲೆಕ್ಕವನ್ನು ತೋರಿಸಿ ಪ್ರಶ್ನಿಸುವ ಹಕ್ಕು ಮನೆಯೊಡೆಯನಿಗಿದೆ. ಕಟ್ಟಿದ ಮನೆಯಲ್ಲಾದರೆ, ನೆಲವೂ ಗೋಡೆಯೂ ಕೂಡುವ ಮೂಲೆಗುಂಟ ಸುಮಾರು 30 ಸೆಂಟಿಮೀಟರಿಗೊಂದರಂತೆ ಬೆರಳು ಗಾತ್ರದ ರಂಧ್ರಗಳನ್ನು ಕೊರೆದು, ಕೆಳಗಿನ ಮಣ್ಣು ಇನ್ನು ಸಾಕೆನ್ನುವವರೆಗೆ ದ್ರಾವಣವನ್ನು ಒತ್ತಿ ತುಂಬಿ, ರಂಧ್ರಗಳನ್ನು ಬಿಳಿ ಸಿಮೆಂಟಿನಿಂದ ಮುಚ್ಚುತ್ತಾರೆ. ಹೊರಗೋಡೆಯ ಸುತ್ತಲೂ ಹಾಗೆಯೇ. ಗೃಹಿಣಿಯರು ಹೊಸ ನೆಲಹಾಸಿಗೆ ತೂತು ಬೀಳುವುದೆಂದು ಇಲ್ಲಿ ತಕರಾರು ತೆಗೆಯುವುದುಂಟು. ತೂತಿಲ್ಲದೆ ಚಿಕಿತ್ಸೆಯಿಲ್ಲ, ಬರಿಯ ಗೋಡೆಗೆ ಸಿಂಪಡಿಸಿ ಹಣ ಪಡೆದು ಹೋಗುವವನು ಮಾಡಿದ್ದು ಚಿಕಿತ್ಸೆಯಲ್ಲ, ಶಾಂತಿಕರ್ಮ.

ಯಾವ ಔಷಧ ಎಂಬ ಪ್ರಶ್ನೆಗೆ ಹಿಂದಿನ ಕಥೆಯೊಂದಿದೆ. ಎರಡನೆಯ ಮಹಾಯುದ್ಧದ ತರುವಾಯ ಆಲ್ಡ್ರಿನ್, ಡೀಲ್ಡ್ರಿನ್, ಕ್ಲೋರ್ಡೇನ್, ಹೆಪ್ಟಾಕ್ಲೋರ್‌ಗಳೆಂಬ ಕ್ಲೋರಿನ್‌ಯುಕ್ತ ವಿಷಗಳು ಬಂದವು. ಒಮ್ಮೆ ಮಣ್ಣಿಗೆ ಹಾಕಿದರೆ ದಶಕಗಳವರೆಗೆ ಗೆದ್ದಲು ಇಣುಕುತ್ತಿರಲಿಲ್ಲ. ಅವುಗಳ ಹಿರಿಮೆಯೇ ಅವುಗಳ ದೋಷವೂ ಆಯಿತು. ಮಣ್ಣಿನಲ್ಲಿ ಕೊಳೆಯದ ವಿಷ ನೀರಿಗೂ ಮೀನಿಗೂ ತಾಯಹಾಲಿಗೂ ಹಬ್ಬಿತು. 2001ರ ಸ್ಟಾಕ್‌ಹೋಮ್ ಒಡಂಬಡಿಕೆಯು ಬಹಿಷ್ಕರಿಸಿದ ಮೊದಲ ಹನ್ನೆರಡು ವಸ್ತುಗಳಲ್ಲಿ ಈ ನಾಲ್ಕೂ ಸೇರಿವೆ. ಆಮೇಲೆ ಕ್ಲೋರೋಪೈರಿಫಾಸ್ ಬಂದಿತು. ಶೇಕಡ 20ರ ಒಂದು ಲೀಟರನ್ನು 19 ಲೀಟರ್ ನೀರಿಗೆ ಬೆರೆಸುವ ಸೂತ್ರ ನಮ್ಮ ಊರುಗಳ ಪ್ರತಿಯೊಬ್ಬ ಮೇಸ್ತ್ರಿಗೂ ಬಾಯಿಪಾಠ. 2025ರಲ್ಲಿ ಅದೂ ಕೆಲವು ವಿನಾಯಿತಿಗಳೊಡನೆ ಅದೇ ಒಡಂಬಡಿಕೆಯ ಪಟ್ಟಿಗೆ ಸೇರಿತು. ಈಗ ಹೆಚ್ಚಾಗಿ ಬಳಕೆಗೆ ಬರುತ್ತಿರುವ ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್‌ಗಳ ಗುಣ ಬೇರೆ. ಹಳೆಯವು ಕೆಲವನ್ನು ಕೊಂದು ಉಳಿದವನ್ನು ಅಟ್ಟುತ್ತಿದ್ದುವು. ಇವುಗಳ ಇರವೇ ಗೆದ್ದಲಿಗೆ ತಿಳಿಯುವುದಿಲ್ಲ. ವಿಷ ತಾಕಿದ ಹುಳು ಕೂಡಲೇ ಸಾಯದೆ ತನ್ನವರ ಬಳಿಗೆ ಮರಳಿ, ಪರಸ್ಪರ ಮೈ ನೆಕ್ಕುವ, ಬಾಯಿಂದ ಬಾಯಿಗೆ ಉಣಿಸುವ ಅವುಗಳ ಸೌಹಾರ್ದದ ನಡವಳಿಕೆಯ ಮೂಲಕವೇ ಅದನ್ನು ಹಂಚುತ್ತದೆ. ಚರ್ಮ ಕಳಚಿ ಬೆಳೆಯುವುದನ್ನು ತಡೆಯುವ ಔಷಧವನ್ನು ಕಾಗದದ ಗುಳಿಗೆಯಲ್ಲಿಟ್ಟು ಉಣಿಸುವ ಉಪಾಯವೂ ಇದೇ ನೀತಿಯದು. ವಿಷದ ಸುರಿಮಳೆಯಿಲ್ಲದ ಈ ಕ್ರಮ ನನಗೆ ಮೆಚ್ಚುಗೆಯಾದರೂ, ಮರವನ್ನು ನೇರವಾಗಿ ಉಣ್ಣುವ ಜಾತಿಗಳ ಮೇಲೆ ಅದು ಫಲಿಸಿದಷ್ಟು ಶಿಲೀಂಧ್ರ ಬೆಳೆಯುವ ನಮ್ಮ ಒಡಾಂಟೊಟರ್ಮಿಸ್‌ಗಳ ಮೇಲೆ ಫಲಿಸದೆಂಬುದನ್ನು ಹೇಳಬೇಕು.

ಡಬ್ಬಿಯ ಮೇಲಿನ ಓರೆಚೌಕದ ಕೆಳಭಾಗದ ಬಣ್ಣವನ್ನು ಎಲ್ಲರೂ ನೋಡತಕ್ಕದ್ದು. ಕೆಂಪು, ಹಳದಿ, ನೀಲಿ, ಹಸಿರು ಎಂಬ ಅನುಕ್ರಮದಲ್ಲಿ ವಿಷದ ತೀಕ್ಷ್ಣತೆ ಇಳಿಯುತ್ತ ಹೋಗುತ್ತದೆ. ಬಾವಿಯೋ ಸಂಪೋ ಗೋಡೆಗೆ ಹತ್ತಿರವಿದ್ದರೆ ಕೆಲಸದವನಿಗೆ ಮೊದಲೇ ತಿಳಿಸಿ ಆ ಭಾಗವನ್ನು ಬಿಡಿಸಬೇಕು. ಕೆಲಸ ನಡೆಯುವಾಗ ಮಕ್ಕಳು, ಬಸುರಿಯರು, ಸಾಕುಪ್ರಾಣಿಗಳು ಮನೆಯಲ್ಲಿರಬಾರದು. ನೆಲ ಒಣಗಿ, ಕಿಟಕಿಗಳನ್ನು ತೆರೆದು ಗಾಳಿಯಾಡಿಸಿದ ಬಳಿಕವೇ ಒಳಕ್ಕೆ ಬರಬೇಕು. ಮನೆಮದ್ದುಗಳ ವಿಷಯಕ್ಕೆ ಬಂದರೆ, ಸೀಮೆಎಣ್ಣೆ ತಾಕಿದ ಹುಳುವನ್ನು ಕೊಲ್ಲುತ್ತದೆ, ಅಷ್ಟೇ, ಜೊತೆಗೆ ಬೆಂಕಿಯ ಭಯ. ಉಪ್ಪು, ಅರಿಶಿನಗಳಿಂದ ಅಡುಗೆಗೆ ಪ್ರಯೋಜನವುಂಟು. ಬೇಲಿಗೂಟದ ಬುಡಕ್ಕೆ ಡಾಮರು ಬಳಿಯುವುದು ಒಳ್ಳೆಯ ಪದ್ಧತಿ. ಹಸಿಮರಕ್ಕೆ ಬೊರಾಕ್ಸಿನ ದ್ರಾವಣವನ್ನು ಕುಡಿಸುವುದು ಇನ್ನೂ ಒಳ್ಳೆಯದು, ಆದರೆ ನೀರು ತಾಕುವೆಡೆ ಅದು ತೊಳೆದುಹೋಗುತ್ತದೆ.

ಔಷಧ ಹಾಕಿದ ಮರುದಿನವೇ ಬಡಗಿಯನ್ನು ಕರೆಸುವುದು ಬೇಡ. ಒಂದೆರಡು ತಿಂಗಳು ಕಾದು, ಹೊಸ ಮಣ್ಣು ಎಲ್ಲಿಯೂ ಏಳದುದನ್ನು ಖಚಿತಪಡಿಸಿಕೊಂಡು, ಆಮೇಲೆ ಕೆಟ್ಟ ಭಾಗವನ್ನು ಕತ್ತರಿಸಿ ತೆಗೆಸುವುದು ಲೇಸು. ಬಾಗಿಲುವಾಡದ ಬುಡದ ಒಂದು ಗೇಣು ಮಾತ್ರ ಹಾಳಾಗಿದ್ದರೆ ಅಷ್ಟಕ್ಕೆ ಕಲ್ಲಿನ ತುಂಡನ್ನು ಕೂರಿಸಬಹುದು. ಹಳಬರ ಪೀಠ ಈ ರೂಪದಲ್ಲಾದರೂ ಮನೆಗೆ ಮರಳಿ ಬರಲಿ. ಅಪಾರ್ಟ್‌ಮೆಂಟುಗಳಲ್ಲಿ ಒಂದು ಮನೆಯವರು ಮಾತ್ರ ಚಿಕಿತ್ಸೆ ಮಾಡಿಸಿ ಪಕ್ಕದವರು ಸುಮ್ಮನಿದ್ದರೆ ಗೆದ್ದಲಿಗೆ ವಾಸ ಬದಲಾಯಿಸುವ ಶ್ರಮ ಮಾತ್ರ. ತಳ ಅಂತಸ್ತಿನಿಂದ ಇಡೀ ಕಟ್ಟಡಕ್ಕೆ ಒಟ್ಟಾಗಿ ಮಾಡಿಸಬೇಕು, ಅದಕ್ಕಾಗಿ ಸಂಘದ ಸಭೆಯಲ್ಲಿ ಆಗತಕ್ಕ ಜಗಳವನ್ನು ಸಹಿಸಿಕೊಳ್ಳಬೇಕು. ಐದು ವರ್ಷದ ಗ್ಯಾರಂಟಿಯೆಂಬ ಕಾಗದವನ್ನು ಕೊಡುವವರಿಂದ, ಯಾವ ಔಷಧ, ಎಷ್ಟು ಲೀಟರ್, ಎಷ್ಟು ರಂಧ್ರ ಎಂಬುದನ್ನೂ ಅದೇ ಕಾಗದದಲ್ಲಿ ಬರೆಸಿಕೊಳ್ಳುವುದು ಜಾಣತನ.

ಕಾಂಪೌಂಡಿನ ಮೂಲೆಯಲ್ಲಿ ಹುತ್ತವೊಂದು ಎದ್ದಿದ್ದರೆ ಏನು ಮಾಡಬೇಕೆಂದು ಕೇಳುವವರುಂಟು. ಗೋಡೆಗೆ ತಾಗಿಯೇ ಇದ್ದರೆ ತೆಗೆಸಲೇಬೇಕು. ಮೇಲಿನ ಮಣ್ಣನ್ನು ಹಾರೆಯಿಂದ ಕೆಡವಿದರೆ ಮಾತ್ರ ಸಾಲದು, ರಾಣಿಯ ಕೋಣೆ ಕೆಳಗಿರುವುದರಿಂದ ಕೆಲವೇ ವಾರಗಳಲ್ಲಿ ಅದು ಮತ್ತೆ ಏಳುತ್ತದೆ. ದೂರದಲ್ಲಿದ್ದು, ಮನೆಯು ಒಣಗಿಯೂ ಎತ್ತರವಾಗಿಯೂ ಇದ್ದರೆ ಅದನ್ನು ಅದರ ಪಾಡಿಗೆ ಬಿಡುವುದೇ ಮೇಲು. ಉದುರಿದ ಎಲೆ, ಒಣಕೊಂಬೆ, ಸೆಗಣಿಗಳನ್ನು ಮಣ್ಣಿಗೆ ಸೇರಿಸಿ ನೆಲವನ್ನು ಸಡಿಲಿಸಿ ನೀರಿಂಗಿಸುವ ಕೆಲಸವನ್ನು ನಮ್ಮ ಒಣನಾಡಿನಲ್ಲಿ ಗೆದ್ದಲಿನಷ್ಟು ಸಮರ್ಥವಾಗಿ ಮಾಡಬಲ್ಲವು ಬೇರೆ ಬಹಳವಿಲ್ಲ. ಹಂಪಿಯ ಬಳಿಯ ದರೋಜಿಯ ಕರಡಿಗಳಿಗೂ ಊರಾಚೆಯ ಚಿಪ್ಪುಹಂದಿಗೂ ಅದೇ ಆಹಾರ. ನಾಗರಪಂಚಮಿಯಂದು ಹುತ್ತಕ್ಕೆ ತನಿ ಎರೆಯುವ ಅಜ್ಜಿಯೂ ಮಣ್ಣಿನ ಸಾರವನ್ನು ಅಳೆಯುವ ಶಾಸ್ತ್ರಜ್ಞನೂ ಈ ಒಂದು ವಿಷಯದಲ್ಲಿ ಒಮ್ಮತಕ್ಕೆ ಬರುತ್ತಾರೆ, ಕಾರಣಗಳು ಬೇರೆಯಾದರೂ. ಅಗೆಸಲೇಬೇಕಾದ ಪ್ರಸಂಗ ಬಂದಲ್ಲಿ, ಗೆದ್ದಲು ಬಿಟ್ಟುಹೋದ ಹುತ್ತದಲ್ಲಿ ನಾಗರಹಾವು ಸೇರಿಕೊಂಡಿರುವುದು ಗಾದೆಯ ಮಾತು ಮಾತ್ರವಲ್ಲವಾದಕಾರಣ, ಹಾರೆ ಹಾಕುವ ಮುನ್ನ ಹಾವು ಹಿಡಿಯಬಲ್ಲವರನ್ನು ಕರೆಸಿ ತೋರಿಸುವುದು ಒಳ್ಳೆಯದು. ತೂತಿನೊಳಗೆ ಕೈಯಿಟ್ಟು ನೋಡುವ ಸಾಹಸವನ್ನಂತೂ ಯಾರೂ ಮಾಡಕೂಡದು.